ಕುದುರೆಯ ಸರದಿ

ಹೋದ ಆಷಾಢದ ಒಂದು ಶನಿವಾರ ರಾತ್ರಿ, ಸಾಗರದ ಬಾಡಿಗೆ ಕೋಣೆಯೊಂದರಲ್ಲಿ ನನ್ನ ಕುದುರೆ ಸತ್ತುಹೋಯಿತು. ಹೊರಗೆ ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಕರೆಂಟು ಹೋಗಿ ಎರಡು ಗಂಟೆಯಾಗಿತ್ತು. ಮೂವರು ಮೇಣದಬತ್ತಿಯ ಸುತ್ತ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಪರದೆಯ ಮೇಲಿನ ಆಟವಲ್ಲ, ಮೇಜಿನ ಸುತ್ತ ಕೂತು ಮಾತಿನಲ್ಲಿ ಆಡುವುದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ, ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗೊಂಬೆ ಸೈನಿಕರನ್ನಿಟ್ಟು ಆಡುತ್ತಿದ್ದ ಯುದ್ಧದಾಟಗಳಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕನ್ನರು ಇದನ್ನು ಬೆಳೆಸಿ 1974ರಲ್ಲಿ ಪ್ರಕಟಿಸಿದರು. ತಾಳಮದ್ದಲೆ ಕೇಳಿ ಬೆಳೆದವರಿಗೆ ಇದೇನೂ ಅಂಥ ಪರಕೀಯವಲ್ಲ. ಕೂತಲ್ಲೇ ಕೂತು ಮಾತಿನಲ್ಲೇ ಕುರುಕ್ಷೇತ್ರ ಮುಗಿಸುವವರು ನಮ್ಮ ಕಡೆ ಮೊದಲಿಂದಲೂ ಇದ್ದಾರೆ.

ನಮ್ಮ ಆಟ ನಡೆಸುವವನು ಸಾಗರದವನು. ಮಂತ್ರ ಬಲ್ಲ ವೈದ್ಯೆಯ ಪಾತ್ರ ತೀರ್ಥಹಳ್ಳಿಯವಳದ್ದು. ಹೊಸನಗರದ ನಾನು ಕುದುರೆ ಸವಾರ. ನಕ್ಷೆ ಮಾತ್ರ ಅಪ್ಪಟ ಮಲೆನಾಡು: ಘಾಟಿ, ಹೊಳೆ, ಸಂಕ, ಕಾನು. ಅಂದು ಘಾಟಿ ಇಳಿಯುವಾಗ ಒಬ್ಬ ರಾಕ್ಷಸ ಎದುರಾದ. ನಾನು ಕುದುರೆಯನ್ನು ಅವನ ಮೇಲೆ ನುಗ್ಗಿಸಿದೆ. ಅವನ ದೊಣ್ಣೆ ಬಿದ್ದದ್ದು ನನಗಲ್ಲ, ಕುದುರೆಗೆ. ಯುದ್ಧದ ಕುದುರೆಗೆ ಪುಸ್ತಕ ಕೊಟ್ಟಿರುವ ಪ್ರಾಣ 19 ಅಂಕ. ಎರಡು ಏಟಿಗೆ ಮುಗಿಯಿತು. ವಾಹನ ಕುಸಿದರೆ ಸವಾರ ಜಿಗಿದು ಕಾಲ ಮೇಲೆ ನಿಲ್ಲಬಹುದು ಎಂದು ನಿಯಮವಿದೆ. ನಾನು ನಿಂತೆ. ಸಾಗರದವನು ಚಪ್ಪಾಳೆ ತಟ್ಟಿದ.

"ಕುದುರೆಗೆ ಎಂತ ಆಯ್ತು?" ಎಂದು ಕೇಳಿದಳು ತೀರ್ಥಹಳ್ಳಿಯವಳು.

"ಸತ್ತಿತು. ಈಗ ಇವನ ಸರದಿ."

ನಾನು ನನ್ನ ಹಾಳೆಯಲ್ಲಿ ಹಗ್ಗ ಮತ್ತು ದೀಪದೆಣ್ಣೆಯ ನಡುವೆ ಬರೆದುಕೊಂಡಿದ್ದ 'ಕುದುರೆ' ಎಂಬ ಪದವನ್ನು ಪೆನ್ಸಿಲಿನಿಂದ ಹೊಡೆದುಹಾಕಿದೆ. "ನಾನೂರು ಚಿನ್ನ ಹೋಯ್ತು ಮಾರಾಯ" ಅಂದೆ. ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ.

ಆಟ ಮುಗಿದ ಮೇಲೆ ಅವಳು ಪುಸ್ತಕ ತೆಗೆದು ಸವಾರಿ ಕಾಳಗದ ನಿಯಮಗಳನ್ನು ಓದತೊಡಗಿದಳು. ನಾವು ಆಡುವುದು 2014ರ ಐದನೆಯ ಆವೃತ್ತಿ. ಅದರಲ್ಲಿ ಈ ನಿಯಮಗಳಿಗೆ ಒಂದು ಪುಟವೂ ಪೂರ್ತಿ ಬೇಕಾಗಿಲ್ಲ. ಹತ್ತುವುದಕ್ಕೂ ಇಳಿಯುವುದಕ್ಕೂ ಸವಾರನ ಆ ಸರದಿಯ ನಡಿಗೆಯಲ್ಲಿ ಅರ್ಧ ಖರ್ಚು. ಹತ್ತಿದ ಮೇಲೆ ಎರಡು ದಾರಿ: ವಾಹನವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಹುದು, ಇಲ್ಲವೇ ಅದರ ಪಾಡಿಗೆ ಬಿಡಬಹುದು. ಹತೋಟಿಯಲ್ಲಿರುವ ವಾಹನಕ್ಕೆ ಅದರದೇ ಸರದಿಯ ಜಾಗ ಇರುವುದಿಲ್ಲ, ಸವಾರನ ಸರದಿಯೇ ಅದರ ಸರದಿ. ಆಗಲೂ ಅದು ಮಾಡಬಹುದಾದ್ದು ಮೂರೇ: ಓಡುವುದು, ಶತ್ರುವಿನ ಹಿಡಿತದಿಂದ ಸರಿದುಕೊಳ್ಳುವುದು, ಏಟು ತಪ್ಪಿಸಿಕೊಳ್ಳುವುದು. ಅದರ ಪಾಡಿಗೆ ಬಿಟ್ಟ ವಾಹನ ತನ್ನ ಸರದಿಯನ್ನು ಉಳಿಸಿಕೊಳ್ಳುತ್ತದೆ, ತನಗೆ ತೋಚಿದ್ದು ಮಾಡುತ್ತದೆ, ಯುದ್ಧ ಬಿಟ್ಟು ಓಡಿಯೂ ಹೋಗಬಹುದು. ಸವಾರಿಗೆ ಪಳಗಿದ ಪ್ರಾಣಿಯನ್ನು ಮಾತ್ರ ಹತೋಟಿಯಲ್ಲಿ ಇಡಬಹುದು. ಆದರೆ ಕುದುರೆ, ಕತ್ತೆಯಂಥ ಸಾಕುಪ್ರಾಣಿಗಳು ಪಳಗಿಯೇ ಇವೆ ಎಂದು ಪುಸ್ತಕ ಎಣಿಸುತ್ತದೆ. ಡ್ರ್ಯಾಗನ್ನಿನಂಥ ಬುದ್ಧಿಯುಳ್ಳ ಜೀವಿ ಯಾವತ್ತೂ ತನ್ನ ಪಾಡಿಗೆ ತಾನು.

"ಅಂದರೆ ಕುದುರೆಗೆ ಸ್ವಾತಂತ್ರ್ಯ ಇದೆಯೋ ಇಲ್ಲವೋ ಅನ್ನೋದನ್ನೂ ಮೇಲೆ ಕೂತವನೇ ತೀರ್ಮಾನ ಮಾಡೋದು" ಅಂದಳು ಅವಳು.

"ಪ್ರತಿ ಕುದುರೆಗೂ ಸರದಿ ಕೊಟ್ಟರೆ ಬೆಳಗಾಗುವವರೆಗೂ ಒಂದು ಕಾಳಗ ಮುಗಿಯೋದಿಲ್ಲ" ಎಂದ ಸಾಗರದವನು. ಅದೂ ಸರಿಯೇ. ನಿಯಮ ಬರೆದವರಿಗೆ ಕುದುರೆಯ ಮೇಲೆ ದ್ವೇಷವೇನಿಲ್ಲ. ಸರದಿ ಎಂದರೆ ಗಮನ, ಗಮನವನ್ನು ಎಲ್ಲರಿಗೂ ಹಂಚುತ್ತ ಹೋದರೆ ಆಟ ನಿಂತೇಹೋಗುತ್ತದೆ. ಹಾಗೆ ಅನುಕೂಲಕ್ಕೆಂದು ಮಾಡಿಕೊಂಡ ಲೆಕ್ಕ ಲೋಕವೇ ಹಾಗಿದೆ ಎಂಬ ಚಿತ್ರವಾಗುವುದು ಯಾವಾಗ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಆಮೇಲೆ, ಅದೂ ನನ್ನದೇ ಕೆಲಸದ ಕಾರಣಕ್ಕೆ.

ನಾನು ಸಂಶೋಧನೆ ಮಾಡುತ್ತಿರುವುದು ಈ ಮೂರು ತಾಲ್ಲೂಕುಗಳ ವೀರಗಲ್ಲುಗಳ ಮೇಲೆ. ಗದ್ದೆಯ ಬದುವಿನಲ್ಲಿ, ಹಾಳು ಗುಡಿಯ ಮಗ್ಗುಲಲ್ಲಿ, ಅಡಿಕೆ ತೋಟದ ಅಂಚಿನಲ್ಲಿ ಇಲ್ಲಿ ಅವು ಸಿಗುತ್ತವೆ. ಕಲ್ಲು ಸಾಮಾನ್ಯವಾಗಿ ಮೂರು ಪಟ್ಟಿಕೆಯದ್ದು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲಿನದರಲ್ಲಿ ಶಿವಲಿಂಗದ ಎದುರೋ ಜಿನನ ಎದುರೋ ಅವನು ಕೂತಿರುವುದು, ಪಕ್ಕದಲ್ಲಿ ಸೂರ್ಯ ಚಂದ್ರ. ಕೆಳಗಿನ ಪಟ್ಟಿಕೆಯಲ್ಲಿ ವೀರ ಎಷ್ಟೋ ಸಲ ಕುದುರೆಯ ಮೇಲಿರುತ್ತಾನೆ. ನಾನು ನೋಡಿದ ಕಲ್ಲುಗಳಲ್ಲಿ ನಡುವಿನ ಪಟ್ಟಿಕೆಗೆ ಬರುವಷ್ಟರಲ್ಲಿ ಕುದುರೆ ಇರುವುದಿಲ್ಲ. ಸ್ವರ್ಗಕ್ಕೆ ಹೋಗುವಾಗ ಅವನು ನಡೆಯಬೇಕಾಗಿಲ್ಲ, ಹಾಗಾಗಿ ಹೊರುವವರೂ ಬೇಕಾಗಿಲ್ಲ.

ಮಾಹಿತಿ ತುಂಬಲು ನಾನೊಂದು ಪಟ್ಟಿ ಮಾಡಿಕೊಂಡಿದ್ದೆ. ಎತ್ತರ, ಅಗಲ, ಪಟ್ಟಿಕೆಗಳ ಸಂಖ್ಯೆ, ಲಿಪಿ, ಆಯುಧ, ಆಭರಣ. ಸಾಗರದಿಂದ ವಾಪಸು ಬಂದು ಅದನ್ನು ತೆರೆದಾಗ ಕುದುರೆ ಎಲ್ಲಿದೆ ಎಂದು ಹುಡುಕಬೇಕಾಯಿತು. 'ಆಯುಧ ಮತ್ತು ಉಪಕರಣ' ಎಂಬ ಅಂಕಣದಲ್ಲಿತ್ತು. ಈಟಿ, ಗುರಾಣಿ, ಕುದುರೆ. ಮೂರು ವರ್ಷ ಹಾಗೇ ತುಂಬಿದ್ದೇನೆ. ಆಟದ ಪುಸ್ತಕದಲ್ಲೂ ಕುದುರೆಯ ಬೆಲೆ ಇರುವುದು ಸಾಮಾನಿನ ಅಧ್ಯಾಯದಲ್ಲೇ, ಗಾಡಿ ಮತ್ತು ಜೀನಿನ ನೆರೆಯಲ್ಲಿ: ಯುದ್ಧದ ಕುದುರೆಗೆ 400 ಚಿನ್ನದ ನಾಣ್ಯ, ಮೈತುಂಬ ಮುಚ್ಚುವ ಉಕ್ಕಿನ ಕವಚಕ್ಕೆ 1,500. ನಾನು ಆ ಪುಸ್ತಕ ನೋಡಿ ಕಲಿತದ್ದಲ್ಲ. ನಾವಿಬ್ಬರೂ ಬೇರೆಲ್ಲಿಂದಲೋ ಕಲಿತಿದ್ದೆವು.

ಎಲ್ಲಿಂದ ಎಂದು ಹುಡುಕುವುದು ಕಷ್ಟವಲ್ಲ. ಮಲೆನಾಡು ಕುದುರೆಯ ನಾಡಲ್ಲ. ಇಲ್ಲಿನ ಏರಿಳಿತಕ್ಕೂ ಮಳೆಗೂ ಹೇರೆತ್ತೇ ಸರಿ. ಒಳ್ಳೆಯ ಕುದುರೆ ಅರೇಬಿಯಾ, ಹೊರ್ಮುಜ್ ಕಡೆಯಿಂದ ಸಮುದ್ರ ದಾಟಿ ಭಟ್ಕಳದಂಥ ಬಂದರಿಗೆ ಬಂದು ಘಟ್ಟ ಹತ್ತಬೇಕಿತ್ತು. ವಿಜಯನಗರದ ಅರಸ ಈ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದ, ಹಡಗಿನಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಸಿಗುತ್ತಿತ್ತು ಎಂದು ಹದಿನಾರನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ವ್ಯಾಪಾರಿಗೆ ನಷ್ಟವಾಗದಿರಲಿ, ಅವನು ಮತ್ತೆ ಬರಲಿ ಎಂಬ ಜಾಣತನ ಅದು. ಆ ವ್ಯವಸ್ಥೆಯಲ್ಲಿ ಬದುಕಿರುವ ಕುದುರೆಗೂ ಅದರ ಬಾಲಕ್ಕೂ ಬೆಲೆ ಒಂದೇ.

ಹಾಗೆಂದು ಹಳೆಯವರು ಕುದುರೆಯನ್ನು ನಿಯಮದಲ್ಲಿ ನೆನೆದೇ ಇಲ್ಲ ಎನ್ನುವಂತಿಲ್ಲ. ಭೀಷ್ಮಪರ್ವದ ಮೊದಲಿಗೆ ಎರಡೂ ಸೇನೆಯವರು ಕೂಡಿ ಯುದ್ಧಕ್ಕೆ ಕಟ್ಟಳೆ ಮಾಡಿಕೊಳ್ಳುತ್ತಾರೆ. ರಥಿಕನಿಗೆ ರಥಿಕ, ಆನೆಗೆ ಆನೆ, ಕುದುರೆಯವನಿಗೆ ಕುದುರೆಯವನು, ಕಾಲಾಳಿಗೆ ಕಾಲಾಳು. ಸೂತರಿಗೆ, ನೊಗ ಹೊತ್ತ ಪ್ರಾಣಿಗಳಿಗೆ, ಆಯುಧ ತಂದುಕೊಡುವವರಿಗೆ, ಭೇರಿ ಶಂಖ ನುಡಿಸುವವರಿಗೆ ಹೊಡೆಯಕೂಡದು. ಈ ನಿಯಮ ಆಟದ ಪುಸ್ತಕಕ್ಕಿಂತ ಉದಾರವಾದದ್ದು. ಕಾಳಗಕ್ಕೆ ಬಂದವರು ಬೇರೆ, ಕಾಳಗಕ್ಕೆ ತರಲ್ಪಟ್ಟವರು ಬೇರೆ ಎಂಬ ಅರಿವು ಅದರಲ್ಲಿದೆ. ಆದರೆ ಮುರಿಯುವಾಗ ಸುಲಭಕ್ಕೆ ಮುರಿದದ್ದೂ ಇದೇ. ಅಭಿಮನ್ಯುವನ್ನು ಸುತ್ತುಗಟ್ಟಿದಾಗ ಕರ್ಣ ಬಿಲ್ಲನ್ನು ಕತ್ತರಿಸಿದ, ಕೃತವರ್ಮ ಕುದುರೆಗಳನ್ನು ಕೊಂದ, ಕೃಪ ಪಕ್ಕದ ಸಾರಥಿಗಳನ್ನು ಕೊಂದ. ಒಬ್ಬ ಹುಡುಗನ ಮೇಲೆ ಅಷ್ಟು ಜನ ಬಿದ್ದರಲ್ಲ ಎಂದು ನಾವು ಇವತ್ತಿಗೂ ಮರುಗುತ್ತೇವೆ. ಕುದುರೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ನಮ್ಮ ಶಾಸನಗಳಲ್ಲಂತೂ ಕುದುರೆಗಳನ್ನು ಇರಿದು ಸತ್ತ ಎಂಬುದು ವೀರನಿಗೆ ಸಲ್ಲುವ ಹೊಗಳಿಕೆ.

ಮಹಾಭಾರತದ ಇನ್ನೊಂದು ಸಂದರ್ಭವನ್ನು ನೆನಪಿಸಿದವರು ನನ್ನ ದೊಡ್ಡಪ್ಪ. ಅವರು ಹವ್ಯಾಸಿ ಅರ್ಥಧಾರಿ. ಸೈಂಧವನನ್ನು ಸೂರ್ಯಾಸ್ತದೊಳಗೆ ಕೊಲ್ಲಲೇಬೇಕಾದ ದಿನ, ಶತ್ರುಸೈನ್ಯದ ನಟ್ಟನಡುವೆ ಅರ್ಜುನನ ಕುದುರೆಗಳು ಗಾಯಗೊಂಡು ಬಳಲುತ್ತವೆ. ಅರ್ಜುನ ರಥದಿಂದ ಇಳಿದು ನೆಲದ ಮೇಲೆ ನಿಂತು ಕಾದುತ್ತಾನೆ. ಬಾಣದಿಂದ ನೆಲ ಸೀಳಿ ಕೊಳ ಮಾಡುತ್ತಾನೆ, ಬಾಣಗಳಿಂದಲೇ ಒಂದು ಮನೆ ಕಟ್ಟುತ್ತಾನೆ. ಕೃಷ್ಣ ಅದರೊಳಗೆ ಕುದುರೆಗಳ ನೊಗ ಬಿಚ್ಚಿ, ಮೈಗೆ ನೆಟ್ಟ ಬಾಣ ಕಿತ್ತು, ಮೈತಿಕ್ಕಿ, ನೀರು ಕುಡಿಸುತ್ತಾನೆ.

ನಾನು ಕೇಳಿದೆ: "ಅದು ಕರುಣೆಯಾ ದೊಡ್ಡಪ್ಪ, ಅಥವಾ ಸಂಜೆಯೊಳಗೆ ಮುಟ್ಟಬೇಕಲ್ಲ ಅನ್ನೋ ಲೆಕ್ಕಾಚಾರವಾ?"

"ನಿನಗೆ ಎರಡರಲ್ಲಿ ಒಂದೇ ಆಗಬೇಕು ಅಂತ ಯಾಕೆ?" ಎಂದರು ಅವರು. "ಕೊಟ್ಟಿಗೆಯಲ್ಲಿ ಹುಲ್ಲು ಹಾಕುವಾಗ ನೀನು ಹಾಗೆ ಕೇಳಿಕೊಳ್ತೀಯಾ? ಅವನು ಇಳಿದನಲ್ಲ, ಅದನ್ನು ನೋಡು."

ಇಳಿದನಲ್ಲ. ಆ ಮಾತು ನನ್ನನ್ನು ಆಟದ ಪುಸ್ತಕದ ಬೇರೊಂದು ಸಾಲಿಗೆ ಕರೆದೊಯ್ದಿತು. ಆಟಗಾರರು ಬೇಕಿದ್ದರೆ ಕಲಿಯಬಹುದಾದ ವಿಶೇಷ ಪರಿಣತಿಗಳಲ್ಲಿ ಸವಾರಿಯ ಕಾಳಗದ್ದೂ ಒಂದಿದೆ. ಅದು ಕೊಡುವ ಮೂರು ಅನುಕೂಲಗಳಲ್ಲಿ ಒಂದು, ವಾಹನಕ್ಕೆ ಗುರಿಯಿಟ್ಟ ಏಟನ್ನು ಸವಾರ ತನ್ನ ಮೇಲೆ ತಿರುಗಿಸಿಕೊಳ್ಳಬಹುದು ಎಂಬುದು. ಇಡೀ ಅಧ್ಯಾಯದಲ್ಲಿ ನನಗೆ ನಿಜ ಅನ್ನಿಸಿದ್ದು ಈ ಒಂದೇ ಮಾತು. ಆದರೆ ಅದನ್ನು ಪಡೆಯಬೇಕಾದರೆ ಸವಾರ ತನ್ನ ಬಲವನ್ನೋ ಚುರುಕನ್ನೋ ಹೆಚ್ಚಿಸಿಕೊಳ್ಳುವ ಅವಕಾಶವನ್ನು ಬಿಡಬೇಕು. ಪಡೆದ ಮೇಲೂ ಅದು 'ಬಹುದು', 'ಬೇಕು' ಅಲ್ಲ. ತನ್ನನ್ನು ಹೊತ್ತವನ ಏಟನ್ನು ತಾನು ತಿನ್ನುವುದು ದುಬಾರಿಯಾದ ಒಂದು ಹೆಚ್ಚುವರಿ ವಿದ್ಯೆ. ನಾನು ಕಲಿತಿರಲಿಲ್ಲ. ಆ ಅವಕಾಶ ಬಂದಾಗ ಶಕ್ತಿ ಹೆಚ್ಚಿಸಿಕೊಂಡಿದ್ದೆ.

ನನ್ನ ವಾದ ಇಷ್ಟು. ಇನ್ನೊಂದು ದೇಹದ ಮೇಲೆ ಕೂತು ಅಪಾಯದೊಳಗೆ ಹೋಗುವವನು ಆ ದೇಹಕ್ಕೆ ಸಾಲಗಾರ. ಹೋಗುವ ತೀರ್ಮಾನ ಅವನದ್ದು, ಆದ್ದರಿಂದ ಏಟಿನ ಮೇಲೆ ಮೊದಲ ಹಕ್ಕೂ ಅವನದ್ದೇ. ಕುದುರೆ ಪಳಗಿದೆಯಲ್ಲ ಎಂಬ ಉತ್ತರ ಈ ಸಾಲವನ್ನು ತೀರಿಸುವುದಿಲ್ಲ. ಯುದ್ಧದ ಕುದುರೆಗೆ ಕೊಡುವ ತರಬೇತಿ ಎಂದರೇನು? ಸದ್ದಿಗೆ, ಬೆಂಕಿಗೆ, ರಕ್ತದ ವಾಸನೆಗೆ ಬೆದರಿ ಓಡುವುದು ಅದರ ಸ್ವಭಾವ. ಆ ಓಟವನ್ನೇ ಅದರಿಂದ ಬಿಡಿಸುವುದು ತರಬೇತಿ. 'ಒಲ್ಲೆ' ಎನ್ನಲು ಅದಕ್ಕಿದ್ದ ಒಂದೇ ಮಾತನ್ನು ಮೊದಲು ಕಿತ್ತುಕೊಳ್ಳುತ್ತೇವೆ, ಆಮೇಲೆ ಅದು 'ಒಲ್ಲೆ' ಎನ್ನಲಿಲ್ಲ ಎಂಬುದನ್ನೇ ಒಪ್ಪಿಗೆ ಎಂದು ಓದುತ್ತೇವೆ. ಪುಸ್ತಕದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಪಳಗಿಯೇ ಇದೆ ಎಂದು ಎಣಿಸಿಬಿಡುವ ಆ ಸಾಲಿನಲ್ಲಿ.

ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ, ದುಡಿಯಲಾರದಾದ ನಾಯಿಗೆ ಗುಂಡಿಕ್ಕುವವನು ನಾಯಿಯ ವಿಷಯದಲ್ಲಿ ಕರ್ತವ್ಯ ತಪ್ಪಿದಂತಲ್ಲ, ತನ್ನೊಳಗಿನ ಮನುಷ್ಯತ್ವವನ್ನು ಹಾಳುಮಾಡಿಕೊಂಡಂತೆ ಎನ್ನುತ್ತಾನೆ. ಆ ರಾತ್ರಿ ತೀರ್ಥಹಳ್ಳಿಯವಳು ನನಗೆ ಎಂತ ಆಯ್ತು ಎಂದು ಕೇಳಿರಲಿಲ್ಲ, ಕುದುರೆಗೆ ಎಂತ ಆಯ್ತು ಎಂದು ಕೇಳಿದ್ದಳು. ಕಾಂಟ್ ಅಲ್ಲೂ ಮಾತನ್ನು ಸವಾರನ ಕಡೆಗೇ ತಿರುಗಿಸುತ್ತಾನೆ.

ನಮ್ಮ ಗೆಳೆಯರಲ್ಲೇ ಒಬ್ಬರು ಇದನ್ನು ಕೇಳಿ, "ಕುದುರೆ ಬಿಡು, ಇದು ನಮ್ಮ ಮುಳುಗಡೆಯವರ ಕಥೆ" ಎಂದರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿಸಿದಾಗ ಸಾಗರ, ಹೊಸನಗರದ ಎಷ್ಟೋ ಊರು ನೀರಿನಡಿ ಹೋದವು. ನಾಡಿನ ಬೆಳಕನ್ನು ಹೊತ್ತವರು ಅವರು, ಅವರನ್ನು ಯಾರೂ ಕೇಳಲಿಲ್ಲ. ಹೋಲಿಕೆ ಸುಳ್ಳಲ್ಲ. ನಮ್ಮ ಮನೆಯಲ್ಲೂ ಆ ನೀರಿನ ನೆನಪಿದೆ. ಆದರೂ ನನಗದು ಒಗ್ಗಲಿಲ್ಲ. ಮುಳುಗಡೆಯವರು ಅರ್ಜಿ ಬರೆದರು, ಬೀದಿಗಿಳಿದರು, ಈಗಲೂ ಹಕ್ಕುಪತ್ರ ಕೇಳುತ್ತಿದ್ದಾರೆ. ಅವರಿಗೆ ಬಾಯಿದೆ, ಕೇಳುವವರು ಇಲ್ಲದಿರುವುದು ಬೇರೆ ಅನ್ಯಾಯ. ಅದಲ್ಲದೆ, ಕುದುರೆ ಎಂದರೆ 'ನಿಜವಾಗಿ' ಇನ್ನಾರೋ ಎಂದ ಕೂಡಲೇ ಕುದುರೆ ಮತ್ತೆ ಹೊರುವ ಕೆಲಸಕ್ಕೆ ನಿಲ್ಲುತ್ತದೆ, ಈ ಸಲ ನಮ್ಮ ರೂಪಕವನ್ನು.

ಅದನ್ನು ಕಣ್ಮರೆ ಮಾಡುವ ವಿದ್ಯೆಯಲ್ಲಿ ನಾವೊಬ್ಬರೇ ಇಲ್ಲ. ಚದುರಂಗದ ಕಾಯಿಗೆ ಇಂಗ್ಲಿಷಿನವರು ನೈಟ್ ಎನ್ನುತ್ತಾರೆ: ಹೆಸರು ಸವಾರನದು, ಮುಖ ಕುದುರೆಯದು. ನಾವು ನೇರವಾಗಿ ಕುದುರೆ ಎನ್ನುತ್ತೇವಾದರೂ ಅದು ಬಿದ್ದಾಗ 'ನನ್ನ ಕುದುರೆ ಹೋಯ್ತು' ಎನ್ನುವುದು ರೂಢಿಯೇ ಹೊರತು 'ಕುದುರೆ ಸತ್ತಿತು' ಎಂದು ಯಾರಾದರೂ ಹೇಳಿದ್ದು ನಾನು ಕೇಳಿಲ್ಲ. ಇದಕ್ಕಿಂತ ದೊಡ್ಡ ಉದಾಹರಣೆ ಮೈಸೂರಿನದೇ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಈಟಿ ಹಿಡಿದು, ಮೆಷಿನ್ ಗನ್ನು ಮತ್ತು ತೋಪುಗಳ ಎದುರು ಕುದುರೆ ಓಡಿಸಿ ಹೈಫಾ ಪಟ್ಟಣವನ್ನು ಗೆದ್ದವು. ಆ ದಿನ ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಯಾರೋ ಎಣಿಸಿ ಬರೆದಿಟ್ಟಿದ್ದರಿಂದ ನಮಗೆ ಇಷ್ಟು ಗೊತ್ತು. ಮೈಸೂರು, ಜೋಧಪುರ, ಹೈದರಾಬಾದಿನ ಈ ಅಶ್ವದಳಗಳ ನೆನಪಿಗೆ ದೆಹಲಿಯಲ್ಲಿ ನಿಂತದ್ದು ತೀನ್ ಮೂರ್ತಿ. ಮೂವರು ಕಂಚಿನ ಸೈನಿಕರು ಈಟಿ ಹಿಡಿದು ನೆಲದ ಮೇಲೆ ನಿಂತಿದ್ದಾರೆ. ಅಶ್ವದಳದ ಸ್ಮಾರಕದಲ್ಲಿ ಕುದುರೆಯಿಲ್ಲ. ವೀರಗಲ್ಲಿನ ಮೇಲಿನ ಪಟ್ಟಿಕೆಯ ಪದ್ಧತಿಯೇ ಅಲ್ಲೂ ನಡೆದಿದೆ.

ಕಲ್ಲಿಗೆ ಪ್ರಾಣಿಯನ್ನು ನೆನೆಯಲು ಬರುವುದಿಲ್ಲ ಎಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು ಎಲ್ಲರಿಗೂ ಗೊತ್ತು. ಮಣಲೆರ ಎಂಬ ವೀರ ಗಂಗ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಮೆಚ್ಚುಗೆಯಾಗಿ ಪಡೆದ. ಆ ನಾಯಿ ಕಾಡುಹಂದಿಯೊಂದಿಗೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಹೆಸರು ಉಳಿಯಿತು, ಅದು ಹಂದಿಯನ್ನು ಕಚ್ಚಿಹಿಡಿದ ಚಿತ್ರವೂ ಉಳಿಯಿತು. ನನಗೆ ಅನುಮಾನ ಬರುವುದು ಇಲ್ಲೇ. ಕಾಳಿ ಕಾದಾಡಿದ್ದಕ್ಕೆ ಕಲ್ಲು ಸಿಕ್ಕಿತೇ? ಅಂದರೆ ಪ್ರಾಣಿಯೂ ವೀರನಂತೆ ಕೊಂದು ಸತ್ತರೆ ಲೆಕ್ಕಕ್ಕೆ ಬರುತ್ತದೆ, ಬರೀ ಹೊತ್ತು ಸತ್ತರೆ ಇಲ್ಲ. ಆಟದಲ್ಲೂ ಹತೋಟಿಯಲ್ಲಿರುವ ಕುದುರೆ ತಾನಾಗಿ ಹೊಡೆಯುವಂತಿಲ್ಲ.

ಕಾಗದದ ಕುದುರೆಗೆ ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ಸಾಗರದವನೂ ಅದನ್ನೇ ಕೇಳಿದ. ಆ ರಾತ್ರಿ ಯಾವ ಪ್ರಾಣಿಗೂ ನೋವಾಗಿಲ್ಲ, ನಿಜ. ಆದರೆ ಯಾರಿಗೆ ಸರದಿ ಕೊಡಬೇಕು ಎಂಬುದನ್ನು ಪೈಸೆ ಖರ್ಚಿಲ್ಲದೆ ತೀರ್ಮಾನಿಸಬಹುದಾದ ಜಾಗ ಆ ಮೇಜು. ಅಲ್ಲಿ ಉದಾರಿಯಾಗುವುದಕ್ಕೆ ನನಗೇನೂ ಅಡ್ಡಿಯಿರಲಿಲ್ಲ. ಹಾಗಿದ್ದೂ ನನ್ನ ಬಾಯಿಂದ ಬಂದ ಮೊದಲ ಮಾತು ನಾನೂರು ಚಿನ್ನದ್ದು.

ಮಳೆ ಕಡಿಮೆಯಾದ ಮೇಲೆ ಹೊಸನಗರದ ಕಡೆಯ ಒಂದು ಕಲ್ಲನ್ನು ಮತ್ತೆ ನೋಡಲು ಹೋದೆ. ಎರಡು ವರ್ಷದ ಹಿಂದೆ ಅಳತೆ ತೆಗೆದು, 'ಅಶ್ವಾರೂಢ ವೀರ, ಬಲಗೈಯಲ್ಲಿ ಈಟಿ' ಎಂದು ಬರೆದುಕೊಂಡು ಬಂದಿದ್ದ ಕಲ್ಲು. ಪಾಚಿ ಕಟ್ಟಿತ್ತು. ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದೆ. ಲಗಾಮು ಬಿಗಿಯಾಗಿ ಎಳೆದಿರುವುದರಿಂದ ಕುದುರೆಯ ಕತ್ತು ಹಿಂದಕ್ಕೆ ಬಾಗಿದೆ, ಬಾಯಿ ತೆರೆದಿದೆ. ಮುಂಗಾಲೆರಡೂ ಮೇಲೆದ್ದಿವೆ. ಅದು ನುಗ್ಗುತ್ತಿದೆ ಎಂದು ನಾನು ಅಂದುಕೊಂಡಿದ್ದೆ. ನೋಡುತ್ತ ಕೂತರೆ ಅದು ಹಿಂಜರಿಯುತ್ತಿದೆ ಎಂದೂ ಅನ್ನಿಸುತ್ತದೆ. ಕೆತ್ತಿದವನಿಗೆ ಕುದುರೆ ಗೊತ್ತಿತ್ತು. ಅವನು ವೀರನ ಮುಖವನ್ನು ಎಲ್ಲ ವೀರರ ಮುಖದಂತೆಯೇ ಮಾಡಿದ್ದಾನೆ, ಕುದುರೆಯದನ್ನು ಮಾತ್ರ ಹಾಗೆ ಮಾಡಿಲ್ಲ.

ಪಟ್ಟಿಯಲ್ಲಿ ಈಗ ಕುದುರೆಗೆ ಬೇರೆ ಅಂಕಣ ಮಾಡಿದ್ದೇನೆ: ಕತ್ತಿನ ಭಂಗಿ, ಕಾಲು, ಬಾಯಿ, ಲಗಾಮು, ಬಿದ್ದಿದೆಯೋ ನಿಂತಿದೆಯೋ. ಅದನ್ನು ತುಂಬಲು ನೋಡಿದ ಕಲ್ಲುಗಳಿಗೆಲ್ಲ ಮತ್ತೆ ಹೋಗಬೇಕು. ಫೆಲೋಷಿಪ್ಪಿನ ಅವಧಿ ಮುಗಿಯುತ್ತ ಬಂದಿದೆ. ಈ ಅಂಕಣದಿಂದ ಏನು ಸಿದ್ಧವಾಗುತ್ತದೆ ಎಂದು ಕೇಳಿದರೆ ನನ್ನಲ್ಲಿ ಸದ್ಯಕ್ಕೆ ಉತ್ತರವಿಲ್ಲ.

ಆಟ ನಡೆದಿದೆ. ನಾನು ಹೊಸ ಕುದುರೆ ತೆಗೆದುಕೊಂಡೆ, ಹೆಸರಿಟ್ಟೆ. ಅಪಾಯದ ಜಾಗಕ್ಕೆ ಬಂದಾಗಲೆಲ್ಲ ಕುದುರೆಯ ಪರವಾಗಿ ಸವಾರನಲ್ಲದ ಇನ್ನೊಬ್ಬರು ಮಾತಾಡಬೇಕು ಎಂದು ಮೂವರೂ ಒಪ್ಪಿಕೊಂಡೆವು. ಆ ಕೆಲಸ ತೀರ್ಥಹಳ್ಳಿಯವಳಿಗೆ ಬಿತ್ತು. ಹೋದ ಶನಿವಾರ ತುಂಬಿದ ಹಳ್ಳದ ಮೇಲಿನ ಸಂಕದ ಹತ್ತಿರ ಬಂದೆವು. ಹಿಂದಿನಿಂದ ಶತ್ರುಗಳು ಬರುತ್ತಿದ್ದರು.

"ನಿಂತಿತು" ಅಂದಳು ಅವಳು.

"ನಿಂತಿತು ಅಂದರೆ?"

"ಸಂಕ ನೋಡಿತು. ಕಾಲು ಇಡೋದಿಲ್ಲ ಅದು."

ಸಾಗರದವನು ಗಡಿಯಾರ ನೋಡಿದ. ನಾನು ಅರ್ಧ ನಡಿಗೆ ಖರ್ಚು ಮಾಡಿ ಇಳಿದೆ, ಲಗಾಮು ಹಿಡಿದು ಹಳ್ಳದ ಗುಂಟ ನಡೆಯತೊಡಗಿದೆ. ದಾಟುವ ಜಾಗ ಇನ್ನೂ ಸಿಕ್ಕಿಲ್ಲ.